ಕಾಲೇಜಿನ ಹೆಸರು ಕೇಳುವವರು

ಹೋದ ವರ್ಷ ಮೇ ತಿಂಗಳಲ್ಲಿ ಅಕ್ಕನ ಮಗಳು ಇಂಡಿಯಿಂದ ಪುಣೆಗೆ ಬಂದಳು. ಸೋಲಾಪುರದ ಮೇಲೆ ಹಾಯ್ದು ಬರುವ ರಾತ್ರಿ ಬಸ್ಸು, ಒಂದು ಬ್ಯಾಗು, ಅಕ್ಕ ಕಟ್ಟಿಕೊಟ್ಟ ಶೇಂಗಾ ಹೋಳಿಗೆ, ಕಡಕ್ ರೊಟ್ಟಿ. ಐದು ವರ್ಷದ ಕಾನೂನು ಪದವಿಯ ನಾಲ್ಕನೇ ವರ್ಷದಲ್ಲಿದ್ದಳು. ರಜೆಯಲ್ಲಿ ಒಂದು ತಿಂಗಳು ಯಾವುದಾದರೂ ವಕೀಲರ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಬೇಕೆಂದು ಹನ್ನೊಂದು ಕಡೆ ಮೇಲ್ ಹಾಕಿದ್ದಳು. ಒಂದೇ ಕಡೆಯಿಂದ ಉತ್ತರ ಬಂದಿತ್ತು. ಆ ದಿನ ರಜೆ ಹಾಕಿ ನಾನೇ ಕರೆದುಕೊಂಡು ಹೋದೆ. ಕೆಳಗೆ ಚಹಾ ಕುಡಿಯುತ್ತ ನಿಂತಿದ್ದೆ. ಲೋಟ ಖಾಲಿಯಾಗುವ ಮೊದಲೇ ಇಳಿದು ಬಂದಳು.

“ಯಾಕವಾ, ಏನಂದ್ರು?”

“ಕಾಲೇಜ್ ಯಾವ್ದು ಅಂತ ಕೇಳಿದ್ರು ಮಾಮಾ. ಹೇಳ್ದೆ. ಅದು ಎಲ್ಲಿ ಬರ್ತದ ಅಂದ್ರು. ಅದನ್ನೂ ಹೇಳ್ದೆ. ಆಮ್ಯಾಲ ಮೇಲ್ ಮಾಡ್ತೀವಿ, ಹೋಗ್ರಿ ಅಂದ್ರು.”

“ಮತ್ತೇನೂ ಕೇಳ್ಲಿಲ್ಲೇನು?”

“ಇಲ್ಲ. ಮರಾಠಿ ಬರ್ತದೇನು ಅಂತ ಸೈತ ಕೇಳ್ಲಿಲ್ಲ.”

ಅವಳಿಗೆ ಮರಾಠಿ ಬರುತ್ತದೆ. ಊರಿನ ವಕೀಲರೊಬ್ಬರ ಹತ್ತಿರ ಕೂತು ಪಾಲು ವಾಟ್ನಿ ದಾವೆಯ ಕರಡು ಬರೆದಿದ್ದಾಳೆ. ಅದರ ಪ್ರತಿ ಅವಳ ಬ್ಯಾಗಿನಲ್ಲೇ ಇತ್ತು. ಯಾರೂ ತೆಗೆದು ನೋಡಲಿಲ್ಲ. ಆ ಮೇಲ್ ಇವತ್ತಿನವರೆಗೂ ಬಂದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಲಾ ಕಾಲೇಜ್ ರಸ್ತೆಯ ಸಿಗ್ನಲ್ಲಿಗೆ ಬರುವ ಹೊತ್ತಿಗೆ ಆ ಸಿಟ್ಟು ನನ್ನ ಕಡೆಗೇ ತಿರುಗಿ ನಿಂತಿತು. ಯಾಕೆಂದರೆ ಮೂರು ವಾರದ ಹಿಂದೆ ನಾನೂ ಅದನ್ನೇ ಮಾಡಿದ್ದೆ. ನಮ್ಮ ಪ್ರಾಜೆಕ್ಟಿಗೆ ಹೊಸಬರನ್ನು ತೆಗೆದುಕೊಳ್ಳಬೇಕಿತ್ತು. ನಾಲ್ಕುನೂರರ ಹತ್ತಿರ ಅರ್ಜಿ. ಎಕ್ಸೆಲ್ ಹಾಳೆಯಲ್ಲಿ ‘ಕಾಲೇಜ್ ಟಿಯರ್’ ಅಂತ ಒಂದು ಕಾಲಂ, ಅದರಲ್ಲಿ ಒಂದು, ಎರಡು, ಮೂರು. ಮೂರಕ್ಕೆ ಫಿಲ್ಟರ್ ಹಾಕಿದೆ. ಎರಡು ಸೆಕೆಂಡಿನಲ್ಲಿ ಮುಕ್ಕಾಲು ಪಾಲು ಸಾಲುಗಳು ಮಾಯ. ನಾನು ಬಿಇ ಓದಿದ ಕಾಲೇಜು ಆ ಪಟ್ಟಿಯಲ್ಲಿ ಇದ್ದಿದ್ದರೆ ಮೂರನೇ ದರ್ಜೆಯಲ್ಲೇ ಇರುತ್ತಿತ್ತು. ಆಮೇಲೆ ಮಾಡಿದ ಎಂಟೆಕ್ ನನ್ನ ಆ ಕಲೆಯನ್ನು ತೊಳೆದಿದೆ, ಅಷ್ಟೇ.

ಹಾಗಾಗಿ ಇದು ಬೇರೆಯವರ ಮೇಲೆ ಮಾತ್ರ ಹೊರಿಸುವ ಆರೋಪಪಟ್ಟಿಯಲ್ಲ. ಅದರಲ್ಲಿ ನನ್ನ ಹೆಸರೂ ಇದೆ.

ಈ ವಿಷಯ ತೆಗೆದರೆ ನಮ್ಮವರಲ್ಲಿ ಎರಡು ಪಂಗಡ. ಒಂದು, ರಾಜ್ಯೋತ್ಸವದ ಊಟದ ಪಂಗಡ. “ಪ್ರತಿಭೆ ಇದ್ದರೆ ಎಲ್ಲಿ ಓದಿದರೇನ್ರೀ, ಬೀದಿ ದೀಪದ ಕೆಳಗೆ ಓದಿ ಮೇಲೆ ಬಂದವರಿಲ್ಲವಾ?” ಎನ್ನುವವರು. ಇನ್ನೊಂದು, ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಪಂಗಡ. “ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಸಿಕ್ಕರೆ ಲಾ ಓದಿಸಿ, ಇಲ್ಲದಿದ್ದರೆ ಬಿಬಿಎ ಮಾಡಿಸಿ” ಎನ್ನುವವರು. ಮೊದಲಿನವರು ಹೇಳುವುದು ಸುಳ್ಳು. ಎರಡನೆಯವರು ಹೇಳುವುದು ಅರ್ಧ ಸತ್ಯ, ಆದರೆ ಅದನ್ನು ಪೂರ್ತಿ ಸತ್ಯವೆಂದು ನಂಬಿಸುತ್ತಾರೆ. ಎರಡರಲ್ಲೂ ಪೆಟ್ಟು ಬೀಳುವುದು ಇಂಡಿಯ ಹುಡುಗಿಗೇ.

ಮೊದಲು ‘ಎಲ್ಲಿ ಓದಿದರೇನು’ ಎನ್ನುವವರ ಮಾತು ನೋಡೋಣ. ಅವರ ಬತ್ತಳಿಕೆಯಲ್ಲಿ ಒಳ್ಳೆಯ ಬಾಣಗಳೇ ಇವೆ. ಮಂಡ್ಯ ಜಿಲ್ಲೆಯಿಂದ ಬಂದ ಇ.ಎಸ್. ವೆಂಕಟರಾಮಯ್ಯನವರು ಕಾನೂನು ಓದಿದ್ದು ನಮ್ಮ ಇದೇ ಪುಣೆಯ ಲಾ ಕಾಲೇಜಿನಲ್ಲಿ ಮತ್ತು ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ಪುಣೆಗೆ ಬಂದ ಗಜೇಂದ್ರಗಡಕರರು, ಆಮೇಲೆ ವೈ.ವಿ. ಚಂದ್ರಚೂಡರು, ಇಬ್ಬರೂ 1924ರಲ್ಲಿ ಶುರುವಾದ ಈ ಐಎಲ್‌ಎಸ್ ಕಾಲೇಜಿನವರೇ, ಇಬ್ಬರೂ ಮುಖ್ಯ ನ್ಯಾಯಮೂರ್ತಿಗಳಾದವರು. ಅಷ್ಟು ಹಿಂದೆ ಯಾಕೆ, 2025ರಲ್ಲಿ ಆ ಹುದ್ದೆಯಲ್ಲಿದ್ದ ಬಿ.ಆರ್. ಗವಾಯಿ ಅಮರಾವತಿಯಲ್ಲಿ ಓದಿದವರು. ಅವರ ನಂತರ ಬಂದ ಸೂರ್ಯಕಾಂತ್ ಕಾನೂನು ಪದವಿ ಪಡೆದದ್ದು ರೋಹ್ತಕ್‌ನಲ್ಲಿ.

ನಿಜ. ಆದರೆ ಇವರೆಲ್ಲ ಕರಿ ಕೋಟು ಹಾಕಿದ್ದು ಯಾವಾಗ? ಸೂರ್ಯಕಾಂತ್ ಪದವಿ 1984ರಲ್ಲಿ, ಗವಾಯಿ ವಕೀಲರಾದದ್ದು 1985ರಲ್ಲಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಮಾಧವ ಮೆನನ್ ಅವರ ಕೈಕೆಳಗೆ ಮೊದಲ ತಂಡ ಸೇರಿದ್ದು 1988ರಲ್ಲಿ. ಅದೇ ಮಾದರಿಯ ವಿಶ್ವವಿದ್ಯಾಲಯಗಳು ರಾಜ್ಯಕ್ಕೊಂದರಂತೆ ಹುಟ್ಟಿ, 2008ರಲ್ಲಿ ಅವುಗಳಲ್ಲಿ ಹಲವಕ್ಕೆ ಸೇರಿ ಕ್ಲ್ಯಾಟ್ ಎಂಬ ಒಂದೇ ಪರೀಕ್ಷೆ ಬಂತು. ಅಂದರೆ ದೇಶದ ಕಾನೂನು ವಿದ್ಯಾರ್ಥಿಗಳನ್ನು ಹದಿನೆಂಟನೇ ವಯಸ್ಸಿನಲ್ಲೇ ಒಂದು ರ್‍ಯಾಂಕ್ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸುವ ಪದ್ಧತಿ ಬಂದದ್ದೇ ಇತ್ತೀಚೆಗೆ. ಅದಕ್ಕೂ ಮೊದಲು ಪುಣೆ, ಬೆಳಗಾವಿ, ಅಮರಾವತಿಗಳ ನಡುವೆ ವ್ಯತ್ಯಾಸ ಇತ್ತು, ಏಣಿ ಇರಲಿಲ್ಲ. ಏಣಿ ಹಾಕುವ ಮೊದಲು ಮಾಳಿಗೆ ಹತ್ತಿದವರನ್ನು ತೋರಿಸಿ, ಏಣಿಯ ಕೆಳಗೆ ನಿಂತ ಇವತ್ತಿನ ಮಕ್ಕಳಿಗೆ “ನೋಡು, ಏಣಿ ಬೇಕಾಗಿಲ್ಲ” ಎನ್ನುವುದು ಸಮಾಧಾನವಲ್ಲ, ಮೋಸ.

ಇನ್ನು ವಾಟ್ಸಾಪ್ ಪಂಗಡ. ಅವರು ನೋಡಿರುವುದು ಒಂದೇ ಬಾಗಿಲು. ಮುಂಬೈ, ದೆಹಲಿ, ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಲಾ ಫರ್ಮುಗಳ ಬಾಗಿಲು. ಅಲ್ಲಿ ಅವರ ಮಾತು ನಿಜವೇ. ಆ ಕಂಪನಿಗಳು ಹೊಸಬರನ್ನು ಬೇಕಾದ ಕಡೆ ಹೋಗಿ ಹುಡುಕುವುದಿಲ್ಲ. ಬೆರಳೆಣಿಕೆಯ ಕ್ಯಾಂಪಸ್ಸುಗಳಿಗೆ ಹೋಗಿ, ಮೊದಲೇ ಇಂಟರ್ನ್ ಆಗಿ ಬಂದುಹೋದವರನ್ನು ಹೆಕ್ಕಿಕೊಳ್ಳುತ್ತವೆ. ಆ ಕ್ಯಾಂಪಸ್ಸಿನಲ್ಲಿ ನೀವಿಲ್ಲದಿದ್ದರೆ ನೀವು ಆ ಲೆಕ್ಕದಲ್ಲೇ ಇಲ್ಲ. ಇಲ್ಲಿ ಕಾಲೇಜಿನ ಆಯ್ಕೆ ಅಂದರೆ ಹೆಚ್ಚು ಕಡಿಮೆ ಕೆಲಸದ ಆಯ್ಕೆಯೇ.

ಆದರೆ ಕಾನೂನು ಅಂದರೆ ಅದೊಂದೇ ಅಲ್ಲವಲ್ಲ. ಎರಡನೇ ಬಾಗಿಲು ಕೋರ್ಟು. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷ್. ಆದರೆ ಮೊಕದ್ದಮೆ ಹುಟ್ಟುವುದು, ಸಾಕ್ಷಿ ಹೇಳುವುದು, ಪಾಟೀಸವಾಲು ನಡೆಯುವುದು ಕೆಳಗಿನ ಕೋರ್ಟಿನಲ್ಲಿ. ಅಲ್ಲಿ ಕರ್ನಾಟಕದಲ್ಲಿ ಕನ್ನಡ, ಇಲ್ಲಿ ಮರಾಠಿ. ಸಾಕ್ಷಿದಾರ ‘ನನಗ ಅಷ್ಟು ನೆಪ್ಪಿಲ್ರೀ’ ಅಂದಾಗ ಅವನು ಮರೆತಿದ್ದಾನೋ ಹೆದರಿದ್ದಾನೋ ಎಂಬುದು ಯಾವ ರ್‍ಯಾಂಕ್ ಪಟ್ಟಿಯಿಂದಲೂ ಗೊತ್ತಾಗುವುದಿಲ್ಲ. ಮೂರನೆಯದು ಪರೀಕ್ಷೆಯ ಬಾಗಿಲು. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಭಾಷಾಂತರಕ್ಕೇ ಒಂದು ಪತ್ರಿಕೆ ಇದೆ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ಉತ್ತರಪತ್ರಿಕೆಯ ಮೇಲೆ ಕಾಲೇಜಿನ ಹೆಸರಿಗೆ ಅಂಕವಿಲ್ಲ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೇ ಬರೆದ ಹುಡುಗಿ ಇಲ್ಲಿ ಯಾರಿಗೂ ಕಡಿಮೆಯಲ್ಲ.

ಹಾಗಾದರೆ ಜಗಳ ಎಲ್ಲಿ ಬಂತು? ಇದನ್ನು ನನ್ನ ಕಸುಬಿನ ಜೊತೆ ಹೋಲಿಸಿ ಹೇಳುತ್ತೇನೆ.

ಎಂಜಿನಿಯರಿಂಗಿನಲ್ಲೂ ಕಾಲೇಜುಗಳ ದರ್ಜೆ ಇತ್ತು, ಇದೆ. ಆದರೂ ನಮ್ಮ ತಲೆಮಾರಿನಲ್ಲಿ ಬಾಗಲಕೋಟೆ, ಬೀದರ, ಹಾವೇರಿಯ ಹುಡುಗರು ಸಾವಿರಗಟ್ಟಲೆ ಪುಣೆ ಬೆಂಗಳೂರಿಗೆ ಬಂದು ಮನೆ ಮಾಡಿದರಲ್ಲ, ಹೇಗೆ? ನಾವೆಲ್ಲ ಬುದ್ಧಿವಂತರು ಎಂದಲ್ಲ. ದೊಡ್ಡ ಕಂಪನಿಗಳಿಗೆ ತಲೆಗಳು ಬೇಕಾಗಿದ್ದವು. ಕಾಲೇಜು ಕಲಿಸದೇ ಬಿಟ್ಟದ್ದನ್ನು ತಾವೇ ಕಲಿಸಿಕೊಂಡವು. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಸಂಬಳ ಕೊಟ್ಟು ಪಾಠ ಹೇಳಿದ್ದು ಅದಕ್ಕೇ. ಕಾಲೇಜಿನ ಕೊರತೆಯ ಖರ್ಚನ್ನು ಕಂಪನಿ ಹೊತ್ತುಕೊಂಡಿತು.

ವಕೀಲಿಯಲ್ಲಿ ಅಂಥ ದೊಡ್ಡ ಬಾಗಿಲಿಲ್ಲ. ಅಲ್ಲಿ ಪದವಿಯ ನಂತರ ಕಲಿಸುವವರು ಸೀನಿಯರ್. ಸೀನಿಯರ್ ಸಿಗುವುದು ಹೇಗೆ? ಅಪ್ಪ ವಕೀಲನಾಗಿದ್ದರೆ ಮನೆಯಲ್ಲೇ ಸಿಗುತ್ತಾರೆ. ಮಾವ ವಕೀಲನಾಗಿದ್ದರೆ ಒಂದು ಫೋನಿನಲ್ಲಿ ಸಿಗುತ್ತಾರೆ. ಜಾತಿಯವರು, ಊರಿನವರು, ಪಾರ್ಟಿಯವರು ಇದ್ದರೆ ಒಂದು ಚೀಟಿಯಲ್ಲಿ ಸಿಗುತ್ತಾರೆ. ಇವು ಯಾವುವೂ ಇಲ್ಲದವರಿಗೆ? ಅವರಿಗೆ ಕಾಲೇಜಿನ ಹೆಸರೇ ಮಾವ. ಆ ಹೆಸರೇ ಫೋನು ಮಾಡಬೇಕು, ಅದೇ ಚೀಟಿ ಬರೆದುಕೊಡಬೇಕು.

ಇಲ್ಲಿ ಅನ್ಯಾಯ ಎಲ್ಲಿದೆ ನೋಡಿ. ಕಾಲೇಜಿನ ಹೆಸರು ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಆ ಕಸುಬಿನಲ್ಲಿ ಯಾರೂ ಇಲ್ಲದ ಮನೆಯ ಮಗುವಿಗೆ. ಆ ಹೆಸರು ಸಿಗುವುದು ಎಲ್ಲರಿಗಿಂತ ಕಷ್ಟವಾಗಿರುವುದೂ ಅದೇ ಮಗುವಿಗೆ. ವಕೀಲರ ಮಗ ಯಾವ ಕಾಲೇಜಿನಲ್ಲಿ ಓದಿದರೂ ಅಪ್ಪನ ಕುರ್ಚಿ ಕಾದಿರುತ್ತದೆ. ‘ಎಲ್ಲಿ ಓದಿದರೇನು’ ಎನ್ನುವ ಮಾತು ಅವನೊಬ್ಬನ ವಿಷಯದಲ್ಲಿ ನಿಜ.

ಕಷ್ಟ ಎಷ್ಟು ಅಂತ ಹೇಳಲೇಬೇಕು. ಕ್ಲ್ಯಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಿ ಎಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳ ಒಕ್ಕೂಟ ಕಷ್ಟಗಳ ಪಟ್ಟಿ ಕೊಟ್ಟಿತು. ತಮಾಷೆ ಏನೆಂದರೆ, ಪದವಿಯ ನಂತರ ವಕೀಲರಾಗಲು ಪಾಸು ಮಾಡಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ವಕೀಲನಾಗಲು ಕನ್ನಡ ಸಾಕು, ವಕೀಲಿ ಕಲಿಯುವ ಒಳ್ಳೆಯ ಕಾಲೇಜಿಗೆ ಸೇರಲು ಸಾಲದು! ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ ನಾಲ್ಕು ಸಾವಿರ ರೂಪಾಯಿ. ಕೋಚಿಂಗ್ ಬೇರೆ. ಸೀಟು ಸಿಕ್ಕರೆ ವರ್ಷಕ್ಕೆ ಲಕ್ಷಗಟ್ಟಲೆ ಫೀಸು, ಐದು ವರ್ಷ.

ಮೀಸಲಾತಿ ಇದೆಯಲ್ಲ ಅನ್ನುತ್ತೀರಿ. ಇದೆ. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25 ಸೀಟು ಕೊಡಬೇಕೆಂದು ರಾಜ್ಯ 2020ರಲ್ಲಿ ಕಾಯಿದೆ ತಿದ್ದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. 2021ರಲ್ಲಿ ಲಾ ಸ್ಕೂಲು ತಾನಾಗಿಯೇ ಅಷ್ಟೇ ಪ್ರಮಾಣವನ್ನು ಒಪ್ಪಿಕೊಂಡಿತು. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಅದು ಸಲ್ಲುತ್ತದೆ. ನನ್ನ ಅಕ್ಕನ ಮಗಳು ಪಿಯುಸಿ ಮುಗಿಸಿದ್ದು ಸರಿಯಾಗಿ 2021ರಲ್ಲಿ. ಒಂದನೇ ಇಯತ್ತೆಯಿಂದ ಕನ್ನಡ ಶಾಲೆ, ಕರ್ನಾಟಕದ ನೆಲ ಬಿಟ್ಟು ಓದಿದವಳಲ್ಲ. ನಿಯಮ ಅವಳಿಗೆಂದೇ ಮಾಡಿದಂತಿತ್ತು. ಆದರೆ ಕ್ಲ್ಯಾಟ್ ಎನ್ನುವ ಶಬ್ದ ಅವಳ ಕಿವಿಗೆ ಬಿದ್ದದ್ದು ಲಾ ಎರಡನೇ ವರ್ಷದಲ್ಲಿ. ಆಗಲೂ ನಾನು ಪುಣೆಯಲ್ಲೇ ಇದ್ದೆ. ಫೋನಿನಲ್ಲಿ “ಲಾ ಮಾಡ್ತಾಳಂತ? ಛಲೋ ಆತು ಬಿಡು” ಅಂದಿದ್ದೆ. ಒಂದು ಮಾತು ವಿಚಾರಿಸಿರಲಿಲ್ಲ.

ನನ್ನ ಮಗಳ ಕಥೆ ಬೇರೆ. ಹುಟ್ಟಿದ್ದು, ಓದಿದ್ದು ಎಲ್ಲ ಪುಣೆ. ಬೆಂಗಳೂರಿನ ಆ ಶೇಕಡಾ 25ಕ್ಕೆ ಅವಳು ಕನ್ನಡಿಗಳಲ್ಲ. ಆದರೆ ಮಹಾರಾಷ್ಟ್ರದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಇಲ್ಲಿಯ ಮಕ್ಕಳಿಗಿರುವ ಸೀಟುಗಳಿಗೆ ಅರ್ಹಳು. ಈಗ ಹನ್ನೊಂದನೇ ತರಗತಿ. ಬರುವ ಡಿಸೆಂಬರಿನಲ್ಲಲ್ಲ, ಅದರ ಮುಂದಿನ ಡಿಸೆಂಬರಿನಲ್ಲಿ ಬರೆದರೂ ಆದೀತು ಎಂದು ನಾನು ಹೇಳಿದರೆ, ಇಲ್ಲ, ಇದೇ ಡಿಸೆಂಬರ್ ಎನ್ನುತ್ತಾಳೆ. ಕೋಚಿಂಗಿಗೆ ದುಡ್ಡು ಕಟ್ಟಿದ್ದೇನೆ. ಮುಚ್ಚಿಟ್ಟು ಉಪದೇಶ ಮಾಡಲಾರೆ. ಮನೆಯಲ್ಲಿ ವಕೀಲ ಮಾವನಿಲ್ಲದ ಮಗಳಿಗೆ ಹೆಸರಿನ ಮಾವನನ್ನು ಕೊಂಡುಕೊಡಲು ಹೊರಟಿರುವ ಅಪ್ಪ ನಾನು. ನನಗೆ ಕೊಳ್ಳುವ ತಾಕತ್ತಿದೆ. ಅಕ್ಕನಿಗಿಲ್ಲ. ಇಬ್ಬರು ಹುಡುಗಿಯರ ನಡುವಿನ ಅಂತರದಲ್ಲಿ ಬುದ್ಧಿಯ ಪಾಲು ಎಷ್ಟು, ನನ್ನ ಸಂಬಳದ ಪಾಲು ಎಷ್ಟು ಎಂಬುದು ನನಗೆ ಗೊತ್ತು.

ಆ ಮೇ ತಿಂಗಳಲ್ಲೇ, 20ನೇ ತಾರೀಖು, ಸುಪ್ರೀಂ ಕೋರ್ಟಿನ ತೀರ್ಪು ಬಂತು. ಕೆಳಹಂತದ ಸಿವಿಲ್ ನ್ಯಾಯಾಧೀಶರಾಗಲು ಇನ್ನು ಮೇಲೆ ಮೂರು ವರ್ಷದ ವಕೀಲಿ ಕಡ್ಡಾಯ. ಟಿವಿ ಮುಂದೆ ಕೂತಿದ್ದ ಹುಡುಗಿ ಮಾತಾಡಲಿಲ್ಲ. ಪದವಿ ಮುಗಿಸಿ ನೇರ ಪರೀಕ್ಷೆ ಬರೆಯುವುದು ಅವಳ ಲೆಕ್ಕಾಚಾರವಾಗಿತ್ತು. ಕೋರ್ಟಿನ ಮೆಟ್ಟಿಲನ್ನೇ ಹತ್ತದವರು ನ್ಯಾಯಪೀಠದಲ್ಲಿ ಕೂರಬಾರದು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಆ ಮೂರು ವರ್ಷ ಊಟ ಯಾರು ಹಾಕುತ್ತಾರೆ? ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿಯ ಕಡೆ 15,000 ರೂಪಾಯಿ ಕೊಡಿ ಎಂದು 2024ರಲ್ಲಿ ಭಾರತೀಯ ವಕೀಲರ ಪರಿಷತ್ತು ಹೇಳಿದೆ. ಹೇಳಿದೆ, ಅಷ್ಟೇ. ಕಡ್ಡಾಯ ಮಾಡಿಲ್ಲ. ಹೆಸರು ಕೇಳದ ಒಂದೇ ಬಾಗಿಲಿತ್ತು. ಈಗ ಅದನ್ನು ಮುಟ್ಟಲು ಹೆಸರು ಕೇಳುವ ಬಾಗಿಲನ್ನೇ ದಾಟಿ ಹೋಗಬೇಕು.

ಇಷ್ಟಾದ ಮೇಲೆ ಸಣ್ಣ ಊರಿನ ಕಾಲೇಜುಗಳನ್ನು ಪಾಪ ಎಂದು ಬಿಡಲೂ ಆಗದು. ವಕೀಲರ ಪರಿಷತ್ತಿನ 2008ರ ನಿಯಮಗಳಲ್ಲಿ ಎಲ್ಲವೂ ಇದೆ. ದಾವೆ ಬರೆಯುವುದು ಒಂದು ಪತ್ರಿಕೆ, ಅಣಕು ನ್ಯಾಯಾಲಯ ಒಂದು ಪತ್ರಿಕೆ, ಐದು ವರ್ಷದ ಕೋರ್ಸಿಗೆ ಒಟ್ಟು 20 ವಾರ ಇಂಟರ್ನ್‌ಶಿಪ್. ಎಷ್ಟು ಕಾಲೇಜುಗಳಲ್ಲಿ ಇದು ಕಾಗದದ ಮೇಲೆ ಮಾತ್ರ ನಡೆಯುತ್ತದೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಅಣಕು ನ್ಯಾಯಾಲಯದ ರೆಕಾರ್ಡ್ ಪುಸ್ತಕ ಹಿಂದಿನ ಬ್ಯಾಚಿನದನ್ನು ನೋಡಿ ಬರೆಯುವುದು, ಇಂಟರ್ನ್‌ಶಿಪ್ಪಿಗೆ ಗುರುತಿನ ವಕೀಲರಿಂದ ಸಹಿ ಹಾಕಿಸಿಕೊಂಡು ಬರುವುದು. ಒಂದು ಕಡೆ ನಿಯಮ ‘ಹೋಗಿ ಕಲಿ’ ಅನ್ನುತ್ತದೆ, ಇನ್ನೊಂದು ಕಡೆ ಬಾಗಿಲು ‘ಯಾವ ಕಾಲೇಜು’ ಅನ್ನುತ್ತದೆ, ನಡುವೆ ಸುಳ್ಳು ಸರ್ಟಿಫಿಕೇಟು ಹುಟ್ಟುತ್ತದೆ. ಹಾಜರಿ ಮಾತ್ರ ಕೊಡುವ ಕಾಲೇಜು ತನ್ನ ಮಕ್ಕಳ ಹೆಸರು ಕೆಡಿಸುತ್ತದೆ, ಫಿಲ್ಟರ್ ಹಾಕುವವನಿಗೆ ನೆಪ ಒದಗಿಸುತ್ತದೆ.

ಆ ನೆಪ ನನಗೆ ಚೆನ್ನಾಗಿ ಗೊತ್ತು. “ನಾಲ್ಕುನೂರು ಅರ್ಜಿ ಓದಲು ಯಾರಿಗೆ ಪುರಸೊತ್ತು?” ಇದು ಸುಳ್ಳಲ್ಲ, ಆದರೆ ಕಾರಣವೂ ಅಲ್ಲ. ಆ ಘಟನೆಯ ನಂತರದ ಸುತ್ತಿನಲ್ಲಿ ಟಿಯರ್ ಕಾಲಂ ತೆಗೆಸಿದೆ. ಎಲ್ಲರಿಗೂ ಒಂದು ಪುಟದ ಒಂದೇ ಸಮಸ್ಯೆ ಕಳಿಸಿದೆವು. ಉತ್ತರಗಳನ್ನು ಹೆಸರು, ಕಾಲೇಜು ಮುಚ್ಚಿ ನೋಡಿದೆವು. ಉತ್ತರವನ್ನೇ ಕಳಿಸದವರು ಬಹಳ ಜನ, ಹಾಗಾಗಿ ಓದಬೇಕಾದದ್ದು ಹೆದರಿದಷ್ಟು ಇರಲಿಲ್ಲ. ಕೊನೆಗೆ ಕರೆದ ಒಂಬತ್ತು ಜನರಲ್ಲಿ ನಾಲ್ವರು ನನ್ನ ಹಳೆಯ ಫಿಲ್ಟರಿನಲ್ಲಿ ಮಾಯವಾಗುತ್ತಿದ್ದವರು. ನನಗೆ ಖುಷಿಯಾಗಬೇಕಿತ್ತು. ಹಿಂದಿನ ಸುತ್ತುಗಳಲ್ಲಿ ಎಷ್ಟು ಜನ ಹಾಗೆ ಹೋದರೋ ಎಂಬ ಲೆಕ್ಕ ತಲೆಯಲ್ಲಿ ಕೂತಿತು.

ವಕೀಲರ ಕಚೇರಿಗೆ ಇದಕ್ಕಿಂತ ಸುಲಭ. ಒಂದು ಪುಟದಲ್ಲಿ ಸಂಗತಿ ಬರೆದುಕೊಡಿ, ಎರಡು ತಾಸಿನಲ್ಲಿ ಒಂದು ಲೀಗಲ್ ನೋಟೀಸಿನ ಕರಡು ಬರೆಸಿ. ಬರೆದದ್ದನ್ನು ಓದಲು ಐದು ನಿಮಿಷ. ಅಷ್ಟೂ ಮಾಡದೆ ಕಾಲೇಜಿನ ಹೆಸರು ಕೇಳಿ ಕಳಿಸುವವರು ಪ್ರತಿಭೆಯನ್ನು ಅಳೆಯುತ್ತಿಲ್ಲ, ಹದಿನೆಂಟನೇ ವಯಸ್ಸಿನಲ್ಲಿ ಯಾರ ಮನೆಯಲ್ಲಿ ದುಡ್ಡು ಮತ್ತು ಸುದ್ದಿ ಎರಡೂ ಇದ್ದವು ಎಂಬುದನ್ನು ಅಳೆಯುತ್ತಿದ್ದಾರೆ.

ಇನ್ನು ನಾವು, ವಲಸೆ ಬಂದವರು. ಊರಿನ ಮಕ್ಕಳಿಗೆ ದುಡ್ಡು ಕೊಡದಿದ್ದರೂ ಸುದ್ದಿಯನ್ನಾದರೂ ಕೊಡಬಹುದಿತ್ತು. ಯಾವ ಪರೀಕ್ಷೆ, ಯಾವ ತಿಂಗಳು, ಯಾವ ಮೀಸಲಾತಿ, ಕಾರ್ಪೊರೇಟ್ ಬೇಕೋ ಕೋರ್ಟು ಬೇಕೋ ನ್ಯಾಯಾಧೀಶಗಿರಿ ಬೇಕೋ, ಅದಕ್ಕೆ ತಕ್ಕಂತೆ ಯಾವ ಕಾಲೇಜು. ಕೋರ್ಟೇ ಬೇಕೆಂದರೆ ಲಕ್ಷಗಟ್ಟಲೆ ಸಾಲ ಮಾಡಿ ದೂರದ ಯಾವುದೋ ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಗುವುದಕ್ಕಿಂತ ಬೆಳಗಾವಿ, ಧಾರವಾಡಗಳಲ್ಲಿ ಓದಿ, ಕೋರ್ಟಿನ ಹತ್ತಿರ ಇರುವುದೇ ಮೇಲು. 2008ರಲ್ಲಿ ಧಾರವಾಡ, ಕಲಬುರಗಿಗೆ ಹೈಕೋರ್ಟಿನ ಪೀಠ ಬಂತು. 2025ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಸರ್ಕ್ಯೂಟ್ ಪೀಠ ಕೊಲ್ಹಾಪುರಕ್ಕೆ ಬಂದಿದೆ. ಸೋಲಾಪುರ, ಸಾಂಗಲಿ ಅದರ ವ್ಯಾಪ್ತಿಯಲ್ಲಿವೆ. ಅಕ್ಕಲಕೋಟೆಯ, ಜತ್ತದ ಕನ್ನಡ ಮಾತಾಡುವ ಕಕ್ಷಿದಾರನಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರುವ ವಕೀಲ ಬೇಕು. ಅಂಥವರು ಯಾವ ರ್‍ಯಾಂಕ್ ಪಟ್ಟಿಯ ತುದಿಯಲ್ಲಿ ಸಿಗುತ್ತಾರೆ?

ಆ ತಿಂಗಳು ಹುಡುಗಿ ಖಾಲಿ ಕೈಲಿ ಹೋಗಲಿಲ್ಲ. ಶಿವಾಜಿನಗರ ಕೋರ್ಟಿನ ಆವರಣದಲ್ಲಿ ಟೇಬಲ್ ಇಟ್ಟುಕೊಂಡಿರುವ ಹಿರಿಯರೊಬ್ಬರು ಸಿಕ್ಕರು, ಅಕ್ಕಲಕೋಟೆ ಕಡೆಯವರು. ಅವರು ಕೇಳಿದ್ದು ಒಂದೇ ಪ್ರಶ್ನೆ. “ಸಾತ್‌ಬಾರಾ ಓದಾಕ ಬರ್ತದೇನವಾ?” ಪಹಣಿ ಓದಿ ಗೊತ್ತಿದ್ದವಳಿಗೆ ಅದು ಒಂದು ದಿನದ ಕೆಲಸ. ಮರುದಿನದಿಂದ ಕಾಗದದ ಕಟ್ಟು ಮುಂದಿಟ್ಟರು. ಹೊರಡುವ ದಿನ ಅವರು ಇಬ್ಬರು ಅಣ್ಣತಮ್ಮಂದಿರ ಜಮೀನಿನ ಕೈಫಿಯತ್ತೊಂದರ ಕರಡನ್ನು ಅವಳಿಂದಲೇ ಬರೆಸಿದ್ದರು. ಕಾಲೇಜಿನ ಹೆಸರು ಕೇಳಿದ್ದು ಕೊನೆಯಲ್ಲಿ, ಸರ್ಟಿಫಿಕೇಟಿನಲ್ಲಿ ತುಂಬಲಿಕ್ಕೆ.

ಅವಳೀಗ ಕೊನೆಯ ವರ್ಷದಲ್ಲಿದ್ದಾಳೆ. ಮುಗಿಸಿದ ಮೇಲೆ ಮೂರು ವರ್ಷ ಎಲ್ಲಾದರೂ ಜೂನಿಯರ್ ಆಗಿ ಕೂರಲೇಬೇಕು. ಪುಣೆಯಲ್ಲಿ, ಕೊಲ್ಹಾಪುರದಲ್ಲಿ, ಧಾರವಾಡದಲ್ಲಿ ಕಚೇರಿ ಇಟ್ಟುಕೊಂಡಿರುವ ಕೆಲವರಾದರೂ ಇದನ್ನು ಓದುತ್ತೀರಿ. ಅವಳಂಥವರು ನಿಮ್ಮ ಬಾಗಿಲಿಗೂ ಬರುತ್ತಾರೆ, ಬ್ಯಾಗಿನಲ್ಲಿ ಒಂದು ಕರಡು ಇಟ್ಟುಕೊಂಡು. ಮೊದಲು ಅದನ್ನು ತೆಗೆದು ಓದಿ. ಕಾಲೇಜಿನ ಹೆಸರು ಆಮೇಲೆ ಕೇಳಿದರಾಯಿತು.